ಅರ್ಧ ಅಂಕಪಟ್ಟಿ, ಅರ್ಧ ಸಿಇಟಿ: ಎಂಜಿನಿಯರಿಂಗ್ ಸೀಟಿನ ಲೆಕ್ಕ ನಡೆಯುವ ಬಗೆ

(ಪಿಯು ಉಪನ್ಯಾಸಕರು, ವಿದ್ಯಾರ್ಥಿಗಳು ಹಾಗೂ ಪೋಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಹೊಸ ವರ್ಷ ಹುಟ್ಟುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ. ವಾರ್ಷಿಕ ಪರೀಕ್ಷೆಗೆ ಓದಬೇಕೋ, ವೃತ್ತಿಶಿಕ್ಷಣದ ಸೀಟಿಗಾಗಿ ರಾಜ್ಯ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಓದಬೇಕೋ? ಎರಡಕ್ಕೂ ಪಠ್ಯ ಒಂದೇ ಆದರೂ ಓದುವ ಬಗೆ ಬೇರೆ. ಒಂದರಲ್ಲಿ ಸೂತ್ರ ಹೇಗೆ ಬಂತೆಂಬುದನ್ನು ಹಂತಹಂತವಾಗಿ ಬರೆದು ತೋರಿಸಬೇಕು, ಇನ್ನೊಂದರಲ್ಲಿ ಒಂದೂಕಾಲು ನಿಮಿಷದೊಳಗೆ ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಓಎಂಆರ್ ಹಾಳೆಯಲ್ಲಿ ಗುರುತು ಹಾಕಬೇಕು. ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಎರಡಕ್ಕೂ ಅರ್ಧರ್ಧ ಬೆಲೆಯಿದೆ, ಎರಡನ್ನೂ ಸಮನಾಗಿ ಓದಿ’ ಎಂಬುದು. ನಿಯಮದ ಪುಸ್ತಕದಲ್ಲಿ ಅದು ಹಾಗೆಯೇ ಇದೆ. ಆದರೆ ರ‍್ಯಾಂಕ್ ಪಟ್ಟಿ ತಯಾರಾಗುವಾಗ ಈ ಎರಡು ಅರ್ಧಗಳು ಒಂದೇ ತೂಕದವಾಗಿ ಉಳಿಯುವುದಿಲ್ಲ. ಯಾವ ಅರ್ಧ ಎಲ್ಲಿ ಎಷ್ಟು ಕೆಲಸ ಮಾಡುತ್ತದೆ, ಅದರಿಂದ ಯಾರಿಗೆ ಒಳಿತಾಗುತ್ತದೆ, ಯಾರಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಲೆಕ್ಕದ ಸಮೇತ ತಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಯಾವ ಬಾಗಿಲಿಗೆ ಯಾವ ಕೀಲಿಕೈ ಎಂಬುದನ್ನು ಬೇಗನೆ ಹೇಳಿಬಿಡುತ್ತೇನೆ. ಡಿಪ್ಲೊಮಾ ಓದಲು ಪಾಲಿಟೆಕ್ನಿಕ್ ಸೇರುವವರಿಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಿಯುಸಿ ಅಂಕ ಮತ್ತು ಮೀಸಲಾತಿಯ ಪ್ರಕಾರ ಪ್ರವೇಶ ನಡೆಯುತ್ತದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬಂದಿದೆ. ವೈದ್ಯಕೀಯಕ್ಕೆ ನೀಟ್. ವಾಸ್ತುಶಿಲ್ಪದ ಪದವಿಗೆ ಅದರದೇ ಅಭಿರುಚಿ ಪರೀಕ್ಷೆಯಾದ ನಾಟಾ ಅರ್ಧ, ಪಿಯುಸಿ ಅರ್ಧ. ಐಐಟಿ, ಎನ್‌ಐಟಿಗಳಿಗೆ ಜೆಇಇ ರ‍್ಯಾಂಕ್. ಅಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ 75 ಅಂಕ ಇರಬೇಕು ಇಲ್ಲವೇ ಆಯಾ ಮಂಡಳಿಯ ಮೇಲಿನ ಶೇ 20ರ ಗುಂಪಿನಲ್ಲಿರಬೇಕು ಎಂಬ ಷರತ್ತಿದೆಯೇ ಹೊರತು, ಆ ಗೆರೆಯನ್ನು ದಾಟಿದವರ ಅಂಕಪಟ್ಟಿಯನ್ನು ಮತ್ತೆ ಯಾರೂ ನೋಡುವುದಿಲ್ಲ. ಇವುಗಳ ನಡುವೆ, ವಾಸ್ತುಶಿಲ್ಪವನ್ನು ಬಿಟ್ಟರೆ, ಕರ್ನಾಟಕದ ಎಂಜಿನಿಯರಿಂಗ್ ಪ್ರವೇಶ ಮಾತ್ರ ದ್ವಿತೀಯ ಪಿಯುಸಿಯ ಅಂಕವನ್ನೂ ಎರಡು ದಿನದ ಪ್ರವೇಶ ಪರೀಕ್ಷೆಯ ಅಂಕವನ್ನೂ ನಿಜವಾಗಿಯೂ ಕೂಡಿಸಿ ನೋಡುತ್ತದೆ. ಆದ್ದರಿಂದ ನಾನು ಅದನ್ನೇ ಹಿಡಿದು ಮಾತನಾಡುತ್ತೇನೆ.

ಲೆಕ್ಕ ಹೀಗಿದೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ 300 ಅಂಕ. ಸಿಇಟಿಯಲ್ಲಿ ಇದೇ ಮೂರು ವಿಷಯಗಳಿಗೆ ತಲಾ 60ರಂತೆ 180 ಅಂಕ. ಮೊದಲನೆಯದನ್ನು 50ಕ್ಕೆ ಇಳಿಸುತ್ತಾರೆ, ಎರಡನೆಯದನ್ನೂ 50ಕ್ಕೆ ಇಳಿಸುತ್ತಾರೆ, ಎರಡನ್ನೂ ಕೂಡಿಸಿ ನೂರಕ್ಕೆ ಬಂದ ಸಂಖ್ಯೆಯ ಮೇಲೆ ರ‍್ಯಾಂಕ್ ಕೊಡುತ್ತಾರೆ. ಒಬ್ಬ ವಿದ್ಯಾರ್ಥಿನಿ ಪಿಯುಸಿಯಲ್ಲಿ 285, ಸಿಇಟಿಯಲ್ಲಿ 90 ಪಡೆದಳೆಂದುಕೊಳ್ಳಿ. ಅವಳ ಮೊತ್ತ 47.5 ಮತ್ತು 25 ಸೇರಿ 72.5 ಆಗುತ್ತದೆ. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 120 ಬಂದಿದ್ದರೆ ಅವನ ಮೊತ್ತ 40 ಮತ್ತು 33.33 ಸೇರಿ 73.33. ಪಿಯುಸಿಯಲ್ಲಿ 45 ಅಂಕ ಹಿಂದಿದ್ದವನು ಸಿಇಟಿಯಲ್ಲಿ 30 ಅಂಕ ಹೆಚ್ಚಿಗೆ ಪಡೆದು ಅವಳನ್ನು ದಾಟಿ ಹೋದ. ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ ಎಂಬುದು ಇದರೊಳಗಿರುವ ಸರಳ ಗಣಿತ.

ಇಷ್ಟನ್ನು ಅನೇಕರು ಬಲ್ಲರು. ಇದರ ಕೆಳಗಿರುವ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಯಾವುದೇ ಎರಡು ಪರೀಕ್ಷೆಗಳನ್ನು ಕೂಡಿಸಿದಾಗ, ರ‍್ಯಾಂಕನ್ನು ನಿರ್ಧರಿಸುವುದು ನಾವು ಕಾಗದದ ಮೇಲೆ ಕೊಟ್ಟ ಶೇಕಡಾವಾರು ತೂಕವಲ್ಲ, ಆ ಪರೀಕ್ಷೆಯಲ್ಲಿ ಅಂಕಗಳು ಎಷ್ಟು ಅಗಲಕ್ಕೆ ಹರಡಿವೆ ಎಂಬುದು. ಬೇಡಿಕೆಯಿರುವ ಕಾಲೇಜಿನ ಬೇಡಿಕೆಯಿರುವ ವಿಭಾಗಕ್ಕೆ ಪೈಪೋಟಿ ನಡೆಸುವ ಒಂದು ಗುಂಪನ್ನು ಊಹಿಸಿಕೊಳ್ಳಿ. ಅವರೆಲ್ಲರ ಪಿಯುಸಿ ಅಂಕ 270ರಿಂದ 300ರ ಒಳಗಿದೆ, ಸಿಇಟಿ ಅಂಕ 80ರಿಂದ 160ರವರೆಗೆ ಹರಡಿದೆ ಎನ್ನೋಣ. ಪಿಯುಸಿಯ ಆ 30 ಅಂಕಗಳ ಅಂತರ ಅಂತಿಮ ಮೊತ್ತದಲ್ಲಿ ಐದೇ ಅಂಕವಾಗುತ್ತದೆ. ಸಿಇಟಿಯ 80 ಅಂಕಗಳ ಅಂತರ 22 ಅಂಕಕ್ಕೂ ಮಿಗುತ್ತದೆ. ಅಂದರೆ ಆ ಗುಂಪಿನ ಒಳಗೆ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಹೆಚ್ಚುಕಡಿಮೆ ಸಿಇಟಿಯೊಂದೇ ತೀರ್ಮಾನಿಸುತ್ತದೆ. ನಿಯಮ ಅರ್ಧರ್ಧ ಎಂದೇ ಹೇಳುತ್ತಿರುತ್ತದೆ.

ಪಟ್ಟಿಯ ಕೆಳಭಾಗದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಪಿಯುಸಿಯಲ್ಲಿ 210 ಪಡೆದವನು 285 ಪಡೆದವಳಿಗಿಂತ 12.5 ಅಂಕ ಹಿಂದೆ ಬೀಳುತ್ತಾನೆ. ಅದನ್ನು ತುಂಬಿಕೊಳ್ಳಲು ಅವನು ಸಿಇಟಿಯಲ್ಲಿ ಸರಿಯಾಗಿ 45 ಅಂಕ ಹೆಚ್ಚಿಗೆ ಪಡೆಯಬೇಕು. 180 ಪ್ರಶ್ನೆಗಳ ಪರೀಕ್ಷೆಯಲ್ಲಿ 45 ಪ್ರಶ್ನೆಗಳ ಮುನ್ನಡೆ ಎಂದರೆ ಅದು ಬಹುಮಟ್ಟಿಗೆ ಕೈಗೂಡದ ಮಾತು. ಹಾಗಾಗಿ ಪಿಯುಸಿ ಅಂಕ ಮೇಲಿನವರಿಗೆ ವಿಶೇಷವಾಗಿ ಏನನ್ನೂ ತಂದುಕೊಡದಿದ್ದರೂ, ವಾರ್ಷಿಕ ಪರೀಕ್ಷೆಯನ್ನು ಕಡೆಗಣಿಸಿದವರಿಂದ ಬಹಳಷ್ಟನ್ನು ಕಿತ್ತುಕೊಳ್ಳುತ್ತದೆ. ‘ಸಿಇಟಿಗೇ ಓದಿಕೊಳ್ಳಿ, ಬೋರ್ಡ್ ಪರೀಕ್ಷೆ ತಾನಾಗಿ ಆಗುತ್ತದೆ’ ಎಂದು ಮಕ್ಕಳಿಗೆ ಹೇಳುವ ಕೋಚಿಂಗ್ ಕೇಂದ್ರಗಳು ಈ ಲೆಕ್ಕವನ್ನು ಅವರಿಗೆ ತೋರಿಸುವುದಿಲ್ಲ ಎಂಬುದು ನನ್ನ ಆಕ್ಷೇಪ.

ಈ 300 ಅಂಕಗಳ ಒಳಗೂ ಸ್ವಲ್ಪ ಇಣುಕಿ ನೋಡಬೇಕು. ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ ಸೇರಿದ್ದು, ಗಣಿತದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಸೇರಿದ್ದು. ಒಟ್ಟು 80. ಅಂತಿಮ ಮೊತ್ತದಲ್ಲಿ ಇದು 13 ಅಂಕಕ್ಕೂ ಹೆಚ್ಚು, ಅಂದರೆ ಸಿಇಟಿಯ 48 ಪ್ರಶ್ನೆಗಳಿಗೆ ಸಮ. ಇಷ್ಟು ದೊಡ್ಡ ಪಾಲು ಮಗು ಓದುವ ಕಾಲೇಜಿನ ಪ್ರಯೋಗಾಲಯದಲ್ಲಿ, ಅದರ ಉಪನ್ಯಾಸಕರ ಕಣ್ಣೆದುರಿನಲ್ಲಿ ನಿರ್ಧಾರವಾಗುತ್ತದೆ. ಉದಾರವಾಗಿ ಅಂಕ ಕೊಡುವ ಕಾಲೇಜುಗಳಿವೆ, ಬಿಗಿಯಾಗಿ ಕೊಡುವ ಕಾಲೇಜುಗಳೂ ಇವೆ. ಎಲ್ಲರಿಗೂ ಮೂವತ್ತಕ್ಕೆ ಮೂವತ್ತು ಕೊಟ್ಟ ಕಡೆ ಆ ಅಂಕ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಪ್ರಾಮಾಣಿಕವಾಗಿ ಇಪ್ಪತ್ತನಾಲ್ಕು ಕೊಟ್ಟ ಉಪನ್ಯಾಸಕರ ವಿದ್ಯಾರ್ಥಿ ಮಾತ್ರ ಆ ಪ್ರಾಮಾಣಿಕತೆಯ ಬೆಲೆ ತೆರುತ್ತಾನೆ. ಇಲ್ಲಿ ಕುಳಿತಿರುವ ಉಪನ್ಯಾಸಕ ಮಿತ್ರರನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ತಾವು ಹಾಕುವ ಒಂದೊಂದು ಅಂಕವೂ ರಾಜ್ಯಮಟ್ಟದ ಪಟ್ಟಿಯಲ್ಲಿ ಸ್ಥಾನವಾಗಿ ಬದಲಾಗುತ್ತದೆ ಎಂಬುದು ತಮಗೆ ತಿಳಿದಿರಬೇಕು, ಅಷ್ಟೇ.

ಸಿಇಟಿಯ ಅರ್ಧವೂ ನಿರ್ಮಲವಾದುದೇನಲ್ಲ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಗುರುತು ಹಾಕುತ್ತಾರೆ. ಏನೂ ಓದದವನು ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿಯಲ್ಲಿ 180ಕ್ಕೆ 45 ಬರುತ್ತದೆ. ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ತಿಳಿದಿರುವವನು ಉಳಿದ ತೊಂಬತ್ತಕ್ಕೆ ಊಹೆಯ ಮೇಲೆ ಉತ್ತರಿಸಿದರೆ ಅದೃಷ್ಟದ ಏರಿಳಿತದಿಂದಲೇ ನಾಲ್ಕು ಅಂಕ ಆಚೀಚೆ ಆಗುವುದು ತೀರ ಸಹಜ. ಆ ನಾಲ್ಕು ಅಂಕ ಅಂತಿಮ ಮೊತ್ತದಲ್ಲಿ ಒಂದು ಅಂಕಕ್ಕೂ ಮಿಗಿಲು, ಪಟ್ಟಿಯ ಮಧ್ಯಭಾಗದಲ್ಲಿ ನೂರಾರು ಸ್ಥಾನಗಳ ವ್ಯತ್ಯಾಸ. ಪ್ರಶ್ನೆಪತ್ರಿಕೆಯೇ ದಾರಿ ತಪ್ಪಿದ್ದೂ ಉಂಟು. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗಗಳ ಪ್ರಶ್ನೆಗಳು ಬಂದು, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು. ಗೊತ್ತಿಲ್ಲದ ಪ್ರಶ್ನೆಯೊಡನೆ ಹೆಣಗಾಡಿ ಸಮಯ ಕಳೆದುಕೊಂಡವರಿಗೆ ಆ ಸಮಯವನ್ನು ಯಾವ ಸಮಿತಿಯೂ ಹಿಂದಕ್ಕೆ ಕೊಡಲಾಗಲಿಲ್ಲ.

ಎರಡರಲ್ಲೂ ಹೀಗೆ ಕೊರತೆಗಳಿರುವಾಗ ಈ ವ್ಯವಸ್ಥೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಅದರ ಚರಿತ್ರೆ ನಮ್ಮ ರಾಜ್ಯದ ಚರಿತ್ರೆಯೂ ಹೌದು. ಮೈಸೂರು ರಾಜ್ಯವಾಗಿದ್ದ ಕಾಲದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಿಗೆ ಪಿಯುಸಿಯ ಐಚ್ಛಿಕ ವಿಷಯಗಳ ಅಂಕದ ಜೊತೆಗೆ ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು ಸಂದರ್ಶನಕ್ಕೆ ಮೀಸಲು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ ಇವನ್ನೆಲ್ಲ ನೋಡಿ ಆಯ್ಕೆ ಸಮಿತಿಯವರು ಅಂಕ ಹಾಕುತ್ತಿದ್ದರು. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ ಸಂದರ್ಶನದ ಅಂಕವನ್ನು ಬೇಕಾದವರಿಗೆ ಬೇಕಾದಂತೆ ಹಾಕಬಹುದೆಂಬ ಅನುಮಾನ ಅಲ್ಲಿಗೆ ಮುಗಿಯಲಿಲ್ಲ. 1981ರಲ್ಲಿ ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಎರಡು ಮೂರು ನಿಮಿಷದ ಸಂದರ್ಶನಕ್ಕೆ ಒಟ್ಟು ಅಂಕದ ಮೂರನೇ ಒಂದು ಪಾಲು ಕೊಡುವುದು ಮನಸೋಇಚ್ಛೆಯಾದ ಕ್ರಮವೆಂದು ಹೇಳಿ, ಶೇ 15ರ ಮಿತಿಯನ್ನು ಸೂಚಿಸಿತು.

ಇದೇ ಹೊತ್ತಿಗೆ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳು ಸಾಲುಸಾಲಾಗಿ ಹುಟ್ಟಿಕೊಂಡು, ಅಂಕಕ್ಕಿಂತ ಹಣದ ಚೀಲಕ್ಕೆ ಹೆಚ್ಚು ಬೆಲೆ ಬಂದಿತ್ತು. 1984ರಲ್ಲಿ ರಾಜ್ಯ, ಸೀಟಿಗಾಗಿ ಹೆಚ್ಚುವರಿಯಾಗಿ ವಸೂಲಿ ಮಾಡುವ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣ ತುಮಕೂರಿನ ವೈದ್ಯಕೀಯ ಕಾಲೇಜೊಂದರ ಶುಲ್ಕದಿಂದಲೇ ಹುಟ್ಟಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟುಗಳೆಂದು ವಿಂಗಡಿಸಿ, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕೆಂದು ಯೋಜನೆ ಹಾಕಿಕೊಟ್ಟಿತು. ಅದರ ಬೆನ್ನಲ್ಲೇ 1994ರಲ್ಲಿ ಬೆಂಗಳೂರಿನಲ್ಲಿ ಸಿಇಟಿ ಕೋಶ ಸ್ಥಾಪನೆಯಾಯಿತು, ಮುಂದೆ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಶಿಫಾರಸು ಪತ್ರ, ಪರಿಚಯ, ಹಣ ಇವುಗಳ ಕಾಲದಲ್ಲಿ ಒಂದು ಪ್ರಶ್ನೆಪತ್ರಿಕೆ, ಒಂದು ಪಟ್ಟಿ, ಎಲ್ಲರ ಎದುರಿಗೆ ಸೀಟು ಹಂಚಿಕೆ ಎಂಬುದು ಎಷ್ಟು ದೊಡ್ಡ ಬದಲಾವಣೆಯಾಗಿತ್ತು ಎಂಬುದನ್ನು ಇಂದಿನ ಮಕ್ಕಳಿಗೆ ಹೇಳಿಯೇ ತಿಳಿಸಬೇಕು. ಯಾರ ಪರಿಚಯವೂ ಇಲ್ಲದ ಮನೆಯ ಹುಡುಗಿಯೊಬ್ಬಳು ಸರದಿಯಲ್ಲಿ ನಿಂತು ತನ್ನ ರ‍್ಯಾಂಕಿನ ಬಲದಿಂದ ತನಗೆ ಬೇಕಾದ ಕಾಲೇಜನ್ನು ಆರಿಸಿಕೊಳ್ಳಬಹುದಾಯಿತು. ಸಿಇಟಿಯ ಬಗ್ಗೆ ನಾನು ಏನೇ ಟೀಕೆ ಮಾಡಿದರೂ ಈ ಉಪಕಾರವನ್ನು ಮರೆತು ಮಾಡುವುದಿಲ್ಲ.

ಅರ್ಧರ್ಧ ಸೂತ್ರ 2006ರ ಪ್ರವೇಶ ನಿಯಮಗಳಲ್ಲಿ ನೆಲೆಗೊಂಡಿದೆ. ಅದರ ಬುಡವೇ ಅಲುಗಾಡಿದ್ದು ಕೋವಿಡ್ ಕಾಲದಲ್ಲಿ. ಈ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಂಕವೆಂದರೆ ಏನು ಎಂಬುದನ್ನು ಅದು ನಮಗೆ ಬಿಡಿಸಿ ತೋರಿಸಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ತೆಗೆದುಕೊಂಡು ಅಂಕಪಟ್ಟಿ ಸಿದ್ಧಪಡಿಸಲಾಯಿತು. ಆ ವರ್ಷ 600ಕ್ಕೆ 600 ಪಡೆದವರೇ 2,239 ಮಂದಿ. ಆ ಅಂಕಗಳನ್ನು ನಂಬಿ ಸೀಟು ಹಂಚಲಾಗದೆಂದು ಸರ್ಕಾರ ಅಂದು ಸಿಇಟಿ ಅಂಕವೊಂದರ ಮೇಲೆಯೇ ರ‍್ಯಾಂಕ್ ನೀಡಿತು.

ತೊಡಕು ಬಂದದ್ದು ಮರುವರ್ಷ. 2022ರಲ್ಲಿ ವಾರ್ಷಿಕ ಪರೀಕ್ಷೆ ಮತ್ತೆ ನಡೆಯಿತು, ಅರ್ಧರ್ಧ ಸೂತ್ರ ಮರಳಿತು. ಆದರೆ 2021ರಲ್ಲಿ ಪಿಯುಸಿ ಮುಗಿಸಿ, ಒಂದು ವರ್ಷ ಕಾದು ಸಿಇಟಿಯನ್ನು ಮತ್ತೊಮ್ಮೆ ಬರೆದ ಸುಮಾರು 24 ಸಾವಿರ ಮಂದಿಯ ಪಿಯುಸಿ ಅಂಕವನ್ನು ಪರಿಗಣಿಸುವುದಿಲ್ಲವೆಂದು ಪ್ರಾಧಿಕಾರ ತೀರ್ಮಾನಿಸಿತು. ಜುಲೈ ಕೊನೆಯಲ್ಲಿ ಫಲಿತಾಂಶ ಬಂದಾಗ ಒಳ್ಳೆಯ ಅಂಕ ಪಡೆದಿದ್ದವರ ರ‍್ಯಾಂಕ್ ಲಕ್ಷದ ಆಸುಪಾಸಿಗೆ ಇಳಿದಿತ್ತು. ಮಲ್ಲೇಶ್ವರದ ಪ್ರಾಧಿಕಾರದ ಕಚೇರಿಯೆದುರು ಮಕ್ಕಳು, ಪೋಷಕರು ಪ್ರತಿಭಟಿಸಿದರು. ಪ್ರಕರಣ ಹೈಕೋರ್ಟ್ ಮುಟ್ಟಿತು. ಸೆಪ್ಟೆಂಬರ್ ಆರಂಭದಲ್ಲಿ ಏಕಸದಸ್ಯ ಪೀಠ ಪ್ರಾಧಿಕಾರದ ತೀರ್ಮಾನವನ್ನು ರದ್ದುಪಡಿಸಿ, ಅವರಿಗೂ ಅರ್ಧರ್ಧ ಸೂತ್ರವನ್ನೇ ಅನ್ವಯಿಸುವಂತೆ ಹೇಳಿತು. ಆಗ ಆತಂಕ ಆವರಿಸಿದ್ದು 2022ರ ಹೊಸ ವಿದ್ಯಾರ್ಥಿಗಳನ್ನು. ತಾವು ಪರೀಕ್ಷೆ ಬರೆದು ಗಳಿಸಿದ ಅಂಕ ಒಂದು ಕಡೆ, ಸೂತ್ರದಿಂದ ಉದಾರವಾಗಿ ಬಂದ ಅಂಕ ಇನ್ನೊಂದು ಕಡೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯೇ ಎಂಬುದು ಅವರ ಪ್ರಶ್ನೆ. ಸರ್ಕಾರ ಮೇಲ್ಮನವಿ ಸಲ್ಲಿಸಿತು, ಕೊನೆಗೆ ಅದೇ ತಿಂಗಳು ವಿಭಾಗೀಯ ಪೀಠದ ಮುಂದೆ ಒಂದು ನಡುದಾರಿ ಸಿಕ್ಕಿತು. 2021ರ ತಂಡದವರ ಪಿಯುಸಿ ಅಂಕದಲ್ಲಿ ಸರಾಸರಿ ಆರು ಅಂಕ ಕಡಿತ ಮಾಡಿ, ಉಳಿದುದನ್ನು ಪರಿಗಣಿಸಿ ಹೊಸ ಪಟ್ಟಿ ಪ್ರಕಟಿಸಲಾಯಿತು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಇಲ್ಲಿ ಯಾವ ಪಕ್ಷದ ಮಕ್ಕಳದೂ ತಪ್ಪಿರಲಿಲ್ಲ. ಎರಡು ಬೇರೆ ಬೇರೆ ರೀತಿಯಲ್ಲಿ ಹುಟ್ಟಿದ ಅಂಕಗಳನ್ನು ಹೋಲಿಸುವ ಮುನ್ನ ಅವುಗಳನ್ನು ಸಮೀಕರಿಸಬೇಕು ಎಂಬ ಮೂಲ ತತ್ತ್ವವನ್ನು ನಾವು ಮೊದಲೇ ನಿಯಮವನ್ನಾಗಿ ಮಾಡಿಕೊಂಡಿರಲಿಲ್ಲ, ನ್ಯಾಯಾಲಯದ ಮುಂದೆ ಅವಸರದಲ್ಲಿ ಮಾಡಿಕೊಂಡೆವು. ಆ ತತ್ತ್ವ ಬೇಕಾಗಿರುವುದು ಕೋವಿಡ್‌ನಂಥ ವಿಪತ್ತಿಗೆ ಮಾತ್ರವಲ್ಲ. ಪ್ರತಿವರ್ಷವೂ ಸಿಇಟಿಗೆ ರಾಜ್ಯ ಮಂಡಳಿಯವರು, ಸಿಬಿಎಸ್‌ಇಯವರು, ಐಎಸ್‌ಸಿಯವರು ಒಟ್ಟಿಗೆ ಕೂರುತ್ತಾರೆ. ಬೇರೆ ಬೇರೆ ಪ್ರಶ್ನೆಪತ್ರಿಕೆ, ಬೇರೆ ಬೇರೆ ಮೌಲ್ಯಮಾಪಕರು, ಆದರೂ ಮುನ್ನೂರಕ್ಕೆ ಬಂದ ಅಂಕವನ್ನು ಹಾಗೆಯೇ ಎತ್ತಿ ಪಟ್ಟಿಗೆ ಹಾಕುತ್ತೇವೆ. ಒಂದು ಸೀಮೆಯ ಸೇರಿನಲ್ಲಿ ಅಳೆದ ರಾಗಿಯನ್ನೂ ಇನ್ನೊಂದು ಸೀಮೆಯ ಸೇರಿನಲ್ಲಿ ಅಳೆದ ರಾಗಿಯನ್ನೂ ಲೆಕ್ಕದಲ್ಲಿ ಒಂದೇ ಎಂದು ಬರೆದುಕೊಂಡರೆ ವ್ಯಾಪಾರದಲ್ಲಿ ಯಾರಿಗೋ ನಷ್ಟವಾಗಿಯೇ ಆಗುತ್ತದೆ. ಯಾವ ವರ್ಷ ಯಾವ ಮಂಡಳಿ ಕೈಬಿಚ್ಚಿ ಅಂಕ ಕೊಟ್ಟಿತೋ ಆ ವರ್ಷ ಆ ಮಂಡಳಿಯ ಮಕ್ಕಳಿಗೆ ಲಾಭ.

ಸಮೀಕರಣ ಸುಲಭವೆಂದು ನಾನು ಹೇಳುವುದಿಲ್ಲ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೇ ತರಗತಿಯ ಅಂಕಕ್ಕೆ ಶೇ 40ರ ತೂಕವಿತ್ತು. ಆಯಾ ಮಂಡಳಿಯಲ್ಲಿ ವಿದ್ಯಾರ್ಥಿ ಎಷ್ಟು ಮಂದಿಗಿಂತ ಮುಂದಿದ್ದಾನೆ ಎಂಬ ಪರ್ಸೆಂಟೈಲ್ ನೋಡಿ ಅಂಕವನ್ನು ಸಮೀಕರಿಸುತ್ತಿದ್ದರು. 2017ರಿಂದ ಅದನ್ನು ಕೈಬಿಟ್ಟು, ಅಂಕವನ್ನು ಬರೀ ಅರ್ಹತೆಯ ಗೆರೆಯನ್ನಾಗಿ ಉಳಿಸಿಕೊಂಡರು. ಪರ್ಸೆಂಟೈಲ್ ವಿಧಾನಕ್ಕೆ ಒಂದು ಮಿತಿಯಿದೆ. ಎಲ್ಲ ಮಂಡಳಿಗಳ ಮಕ್ಕಳ ಒಟ್ಟು ಸಾಮರ್ಥ್ಯ ಒಂದೇ ಸಮನಾಗಿದೆ ಎಂದು ಅದು ಒಪ್ಪಿಕೊಂಡು ಹೊರಡುತ್ತದೆ. ನಗರದ ಆಯ್ದ ಶಾಲೆಗಳ ಮಕ್ಕಳೇ ಹೆಚ್ಚಾಗಿರುವ ಮಂಡಳಿಗೂ ಹಳ್ಳಿಯಿಂದ ಹಿಡಿದು ರಾಜಧಾನಿಯವರೆಗೆ ಎಲ್ಲರನ್ನೂ ಒಳಗೊಂಡ ರಾಜ್ಯ ಮಂಡಳಿಗೂ ಆ ಮಾತು ಪೂರ್ತಿ ಹೊಂದುವುದಿಲ್ಲ. ಕೇರಳದಲ್ಲಿಯೂ ಎಂಜಿನಿಯರಿಂಗ್‌ಗೆ ಅರ್ಧರ್ಧ ಸೂತ್ರವೇ ಇದೆ, ಅಲ್ಲಿ ಮಂಡಳಿಗಳ ಅಂಕವನ್ನು ಸಮೀಕರಿಸಿ ಸೇರಿಸುತ್ತಾರೆ. ಆ ಸಮೀಕರಣದಿಂದ ರಾಜ್ಯ ಪಠ್ಯಕ್ರಮದ ಮಕ್ಕಳು ಹಿಂದೆ ಬೀಳುತ್ತಿದ್ದಾರೆಂದು 2025ರಲ್ಲಿ ಸರ್ಕಾರ ಸೂತ್ರವನ್ನು ಬದಲಿಸಿತು. ಆದರೆ ಬದಲಿಸಿದ್ದು ಪರೀಕ್ಷೆ ಮುಗಿದ ಮೇಲೆ, ರ‍್ಯಾಂಕ್ ಪ್ರಕಟವಾಗುವ ಹೊತ್ತಿಗೆ. ಹೈಕೋರ್ಟ್ ಜುಲೈ ತಿಂಗಳಲ್ಲಿ ಆ ಬದಲಾವಣೆಯನ್ನು ರದ್ದುಪಡಿಸಿತು, ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂತು. ಉದ್ದೇಶ ಒಳ್ಳೆಯದಿದ್ದರೂ ಹೊತ್ತು ಮೀರಿ ಮಾಡಿದ ತಿದ್ದುಪಡಿ ನಿಲ್ಲುವುದಿಲ್ಲ ಎಂಬುದಕ್ಕೆ ನಮ್ಮ 2022ರಷ್ಟೇ ಅದೂ ಸಾಕ್ಷಿ.

ತಮಿಳುನಾಡು ಬೇರೆ ದಾರಿ ಹಿಡಿಯಿತು. 2006ರ ಕಾಯ್ದೆಯ ಮೂಲಕ ಪ್ರವೇಶ ಪರೀಕ್ಷೆಯನ್ನೇ ತೆಗೆದು, ಎಂಜಿನಿಯರಿಂಗ್ ಸೀಟುಗಳನ್ನು ಪ್ಲಸ್ ಟು ಅಂಕದ ಮೇಲೆಯೇ ಹಂಚುತ್ತಿದೆ. ಗಣಿತ 100ಕ್ಕೆ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ತಲಾ 50ಕ್ಕೆ, ಒಟ್ಟು 200ಕ್ಕೆ ಕಟ್ ಆಫ್. ಕೋಚಿಂಗ್‌ಗೆ ಹಣವಿಲ್ಲದ ಹಳ್ಳಿಯ ಮಕ್ಕಳಿಗೆ ಇದರಿಂದ ಬಾಗಿಲು ತೆರೆಯುತ್ತದೆ ಎಂಬುದು ಅಲ್ಲಿಯ ವಾದ, ಅದರಲ್ಲಿ ಸತ್ಯವಿದೆ. ಆದರೆ ಎಲ್ಲವೂ ಒಂದೇ ಮಂಡಳಿ ಪರೀಕ್ಷೆಯ ಮೇಲೆ ನಿಂತಾಗ ಒಂದೇ ಕಟ್ ಆಫ್ ಅಂಕದಲ್ಲಿ ಬಹಳ ಮಂದಿ ಗುಂಪಾಗುವುದನ್ನು ಆ ವಿಧಾನ ತಪ್ಪಿಸಲಾರದು.

ಹಾಗಾದರೆ ಮುಂದೆ ಕಾಲೇಜಿನಲ್ಲಿ ಯಾರು ಚೆನ್ನಾಗಿ ಓದುತ್ತಾರೆಂಬುದನ್ನು ಯಾವ ಅಂಕ ಮೊದಲೇ ಹೇಳುತ್ತದೆ? ಇದರ ಬಗ್ಗೆ ಅತಿ ಹೆಚ್ಚು ಅಧ್ಯಯನ ನಡೆದಿರುವ ಕಡೆಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಒಂದು. ಅಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಲ್ಕು ವರ್ಷದ ಸಾಧನೆಯನ್ನು ಸೂಚಿಸುವುದರಲ್ಲಿ ಪ್ರೌಢಶಾಲೆಯ ಅಂಕಗಳೇ ಕಾಲೇಜು ಪ್ರವೇಶಕ್ಕೆ ಅಲ್ಲಿಯವರು ಬರೆಯುವ ಎಸ್‌ಎಟಿ ಪರೀಕ್ಷೆಗಿಂತ ಮೇಲು ಎಂದು ಕಂಡುಕೊಂಡಿತು. ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಕಾರ್ಯಪಡೆ 2020ರ ವರದಿಯಲ್ಲಿ, ಮೊದಲ ವರ್ಷದ ಸಾಧನೆಯನ್ನು ಪರೀಕ್ಷೆಯ ಅಂಕವೇ ಹೆಚ್ಚು ನಿಖರವಾಗಿ ಸೂಚಿಸುತ್ತಿದೆ ಎಂದಿತು. ವರದಿ ಹೀಗಿದ್ದರೂ ವಿಶ್ವವಿದ್ಯಾಲಯ ಎಸ್‌ಎಟಿಯನ್ನು ಕೈಬಿಟ್ಟಿತು. ಕೋವಿಡ್ ವೇಳೆ ಅದನ್ನು ಕಡ್ಡಾಯವಲ್ಲವೆಂದಿದ್ದ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ನಮ್ಮವರ ಅನೇಕ ಮಕ್ಕಳು ಅಲ್ಲಿಯೇ ಓದುತ್ತಿರುವುದರಿಂದ ಈ ಚರ್ಚೆ ಕನ್ನಡಿಗರ ಮನೆಗಳಿಗೂ ದೂರದ್ದಲ್ಲ. ಅದರಿಂದ ನಾನು ತಿಳಿದುಕೊಂಡಿರುವುದು ಇಷ್ಟು: ದೀರ್ಘಕಾಲ ಶಿಸ್ತಿನಿಂದ ಓದುವ ಗುಣವನ್ನು ತರಗತಿಯ ಅಂಕ ಹೇಳುತ್ತದೆ, ವಿಷಯದಲ್ಲಿರುವ ಹಿಡಿತವನ್ನು ಎಲ್ಲರಿಗೂ ಒಂದೇ ಆದ ಪರೀಕ್ಷೆ ಹೇಳುತ್ತದೆ, ಎಂಜಿನಿಯರಿಂಗ್ ಓದಿಗೆ ಎರಡೂ ಬೇಕು.

ನೀಟ್ ಬಂದ ಮೇಲೆ ವೈದ್ಯಕೀಯ ಪ್ರವೇಶದಲ್ಲಿ ತರಗತಿಯ ಅಂಕ ಹೊರಬಿತ್ತು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಬಂದರೆ ಸಾಕು. ಅದರ ಪರಿಣಾಮವನ್ನು ಇಲ್ಲಿರುವ ಉಪನ್ಯಾಸಕರು ನನಗಿಂತ ಚೆನ್ನಾಗಿ ಬಲ್ಲರು. ಪ್ರಯೋಗಾಲಯಕ್ಕೆ ಬರುವ ಮಕ್ಕಳು ಕಡಿಮೆಯಾದರು, ಹೆಸರಿಗೆ ಒಂದು ಕಾಲೇಜು, ಓದುವುದು ಕೋಚಿಂಗ್ ಕೇಂದ್ರದಲ್ಲಿ ಎಂಬ ವ್ಯವಸ್ಥೆ ಬೆಳೆಯಿತು, ‘ಲಾಂಗ್ ಟರ್ಮ್’ ಎಂಬ ಹೆಸರಿನಲ್ಲಿ ಒಂದೆರಡು ವರ್ಷ ಬರಿಯ ನೀಟ್‌ಗಾಗಿ ಕೂರುವುದು ಸಾಮಾನ್ಯವಾಯಿತು. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿ 720ಕ್ಕೆ 720 ಪಡೆದಾಗ, 1,563 ಅಭ್ಯರ್ಥಿಗಳಿಗೆ ಕೊಟ್ಟಿದ್ದ ಕೃಪಾಂಕ ರದ್ದಾಗಿ ಅವರಿಗೆ ಮರುಪರೀಕ್ಷೆಯ ಅವಕಾಶ ಕೊಡಬೇಕಾಗಿ ಬಂದಾಗ, ಒಂದೇ ಪರೀಕ್ಷೆಯ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದರ ಅಪಾಯ ದೇಶಕ್ಕೆಲ್ಲ ಕಂಡಿತು. ಕರ್ನಾಟಕದ ಎಂಜಿನಿಯರಿಂಗ್ ಪ್ರವೇಶಕ್ಕೂ ಸಿಇಟಿಯೊಂದೇ ಸಾಕು ಎಂಬ ಬೇಡಿಕೆಯನ್ನು ನಾನು ವಿರೋಧಿಸುವುದು ಈ ಕಾರಣಕ್ಕೆ. ಸರ್ಕಾರಿ ಪಿಯು ಕಾಲೇಜಿನಲ್ಲಿ ಓದುವ, ಸಂಜೆ ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿಯುವ ಮಗುವಿಗೆ ತರಗತಿಯ ಪಾಠವೊಂದೇ ಆಸರೆ. ಆ ಪಾಠದ ಅಂಕಕ್ಕೆ ಬೆಲೆಯಿಲ್ಲವೆಂದರೆ ಪಾಠಕ್ಕೂ ಬೆಲೆಯಿಲ್ಲವೆಂದಾಯಿತು.

ಈ ಸೂತ್ರದ ಹೊರಗೆ ಉಳಿದವುಗಳ ಬಗೆಗೂ ಒಂದು ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ 600ರಲ್ಲಿ 300 ಮಾತ್ರ ಸಲ್ಲುತ್ತದೆ. ಎರಡು ಭಾಷೆಗಳ 200, ನಾಲ್ಕನೇ ವಿಷಯದ 100 ಸಲ್ಲುವುದಿಲ್ಲ. ಕನ್ನಡದಲ್ಲಿ ನೂರಕ್ಕೆ ನೂರು ಬಂದರೂ ರ‍್ಯಾಂಕ್ ಒಂದು ಸ್ಥಾನವೂ ಏರದು. ಹೀಗಿದ್ದೂ ‘ಸ್ಕೋರಿಂಗ್’ ಎಂಬ ಕಾರಣಕ್ಕೆ ಕನ್ನಡವನ್ನು ಬಿಟ್ಟು ಬೇರೆ ಭಾಷೆ ಆರಿಸಿಕೊಳ್ಳುವಂತೆ ಮಕ್ಕಳಿಗೆ ಹೇಳುವವರಿದ್ದಾರೆ. ಎಂಜಿನಿಯರಿಂಗ್ ಸೀಟಿನ ಮಟ್ಟಿಗೆ ಆ ಸಲಹೆಗೆ ಯಾವ ಆಧಾರವೂ ಇಲ್ಲ. ಇನ್ನು ರ‍್ಯಾಂಕ್ ಬಂದ ಮಾತ್ರಕ್ಕೆ ಸೀಟು ನಿರ್ಧಾರವಾಗುವುದಿಲ್ಲ. ಪ್ರವರ್ಗವಾರು ಮೀಸಲಾತಿಯ ಜೊತೆಗೆ, ಹತ್ತನೆಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ಸಂವಿಧಾನದ 371 (ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಆ ಭಾಗದವರಿಗಿದೆ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕನ್ನಡ ಪರೀಕ್ಷೆಯ ಮೂಲಕ ಬರುವ ದಾರಿಯೂ ಉಂಟು. ಅರ್ಜಿ ತುಂಬುವಾಗ ಈ ಕಾಲಮ್ಮುಗಳನ್ನು ಖಾಲಿ ಬಿಟ್ಟು, ದಾಖಲೆಗಳನ್ನು ಹೊತ್ತಿಗೆ ಸರಿಯಾಗಿ ಒದಗಿಸದೆ ತಮ್ಮದಾಗಬೇಕಿದ್ದ ಸೀಟು ಕಳೆದುಕೊಳ್ಳುವ ಮಕ್ಕಳಿದ್ದಾರೆ. ಯಾವ ಅಂಕವೂ ಆ ನಷ್ಟವನ್ನು ತುಂಬಲಾರದು.

ಸರ್ಕಾರದಿಂದ ನಾನು ಬಯಸುವುದು ದೊಡ್ಡ ಕ್ರಾಂತಿಯನ್ನೇನಲ್ಲ. ಅರ್ಧರ್ಧ ಸೂತ್ರ ಉಳಿಯಲಿ. ಆದರೆ ಮಂಡಳಿಗಳ ಅಂಕವನ್ನು ಹೇಗೆ ಸಮೀಕರಿಸುತ್ತೇವೆ ಎಂಬುದನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಲಿ, ಆ ವರ್ಷ ಅದನ್ನು ಬದಲಿಸದಿರಲಿ. ಪ್ರಾಯೋಗಿಕ ಮತ್ತು ಆಂತರಿಕ ಅಂಕಗಳನ್ನು ಲಿಖಿತ ಪರೀಕ್ಷೆಯ ಅಂಕದೊಡನೆ ಕಾಲೇಜುವಾರು ಹೋಲಿಸಿ ನೋಡುವ ಪದ್ಧತಿ ಬರಲಿ. ಬರವಣಿಗೆಯಲ್ಲಿ ಸರಾಸರಿ ಮೂವತ್ತು, ಪ್ರಾಯೋಗಿಕದಲ್ಲಿ ಎಲ್ಲರಿಗೂ ಮೂವತ್ತಕ್ಕೆ ಮೂವತ್ತು ಇರುವ ಕಡೆ ಯಾರಾದರೂ ಹೋಗಿ ವಿಚಾರಿಸಲಿ. ಪ್ರತಿವರ್ಷದ ಫಲಿತಾಂಶದ ನಂತರ, ಹೆಸರುಗಳಿಲ್ಲದೆ, ಯಾವ ಮಂಡಳಿಯ, ಯಾವ ಬಗೆಯ ಕಾಲೇಜಿನ ಮಕ್ಕಳು ಎರಡೂ ಅರ್ಧಗಳಲ್ಲಿ ಎಷ್ಟೆಷ್ಟು ಪಡೆದರೆಂಬ ಅಂಕಿಅಂಶವನ್ನು ಪ್ರಾಧಿಕಾರ ಸಾರ್ವಜನಿಕರ ಮುಂದಿಡಲಿ. ಆಗ ಈ ಚರ್ಚೆ ಊಹೆಯ ಮೇಲೆ ನಡೆಯುವುದು ತಪ್ಪುತ್ತದೆ. ಇನ್ನೊಂದು ದಾರಿ ನಮ್ಮಲ್ಲಿಯೇ ಇದೆ: ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾದಲ್ಲಿ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಪುಸ್ತಕದ ಹೊರಗೆ ಕಲಿತದ್ದಕ್ಕೂ ಸಾರ್ವಜನಿಕವಾಗಿ, ಎಲ್ಲರಿಗೂ ಒಂದೇ ರೀತಿಯಲ್ಲಿ ಅಂಕ ಕೊಡಲು ಸಾಧ್ಯ ಎಂಬುದನ್ನು ಅದು ತೋರಿಸುತ್ತದೆ. ಎಂಜಿನಿಯರಿಂಗ್‌ನವರು ಅದನ್ನು ಗಮನಿಸಬೇಕು.

ಉಪನ್ಯಾಸದ ನಂತರ ವಿದ್ಯಾರ್ಥಿಗಳಿಂದ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲಿಯೇ ಉತ್ತರ ಬರೆಯುವುದು ಉಪಯುಕ್ತ. ಮೊದಲ ವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಅಂಕ ಹೆಚ್ಚಿಸಿಕೊಳ್ಳಲು ಎರಡನೆಯದನ್ನು ಬರೆಯಬೇಕೇ ಎಂಬುದು ಆ ಪ್ರಶ್ನೆ. 2023-24ರಿಂದ ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದಾಗಿದೆ. ಹೀಗಾಗಿ ಬರೆದು ಕಡಿಮೆ ಬಂದರೆ ನಷ್ಟವಿಲ್ಲ. ಮೂರು ವಿಷಯಗಳಿಂದ ಒಟ್ಟು 12 ಅಂಕ ಹೆಚ್ಚಿದರೆ ಅಂತಿಮ ಮೊತ್ತದಲ್ಲಿ ಎರಡು ಅಂಕ, ಸಿಇಟಿಯ ಲೆಕ್ಕದಲ್ಲಿ ಏಳಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಸಮ. ಈಗಾಗಲೇ 290ರ ಮೇಲಿರುವವರು ಆ ದಿನಗಳನ್ನು ಬೇರೆ ಓದಿಗೆ ಇಟ್ಟುಕೊಳ್ಳುವುದು ಲೇಸು. 250ರ ಸುತ್ತಮುತ್ತ ಇರುವವರು, ವಿಶೇಷವಾಗಿ ಒಂದು ವಿಷಯದಲ್ಲಿ ಮಾತ್ರ ಎಡವಿದವರು, ಆ ವಿಷಯವನ್ನು ಮತ್ತೆ ಬರೆಯಲೇಬೇಕು. ಎರಡನೇ ಪರೀಕ್ಷೆಯ ಅಂಕವನ್ನು ರ‍್ಯಾಂಕಿಗೆ ಹೇಗೆ, ಯಾವ ದಿನಾಂಕದೊಳಗೆ ಪರಿಗಣಿಸಲಾಗುತ್ತದೆ ಎಂಬುದನ್ನು ಪ್ರಾಧಿಕಾರದ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡು, ಕಾಲೇಜಿನ ಪ್ರಾಂಶುಪಾಲರೊಡನೆ ಮಾತನಾಡಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನದೊಳಗೆ ತೀರ್ಮಾನ ಮಾಡಿ.